ಉದ್ಯಾಪನೆಯಿಲ್ಲದ ನೋಂಪಿ

ಕಳೆದ ಭಾದ್ರಪದದ ಅನಂತ ಚತುರ್ದಶಿಯ ಬೆಳಗು. ದಶಲಕ್ಷಣ ಪರ್ವದ ಕಡೆಯ ದಿನವಾದುದರಿಂದ ಮನೆಯಲ್ಲಿ ಅನಂತನೋಂಪಿಯ ಸಿದ್ಧತೆ ನಡೆದಿತ್ತು. ಬಸದಿಗೆ ಹೊರಡುವಷ್ಟರಲ್ಲಿ ದೂರವಾಣಿ ಕರೆಯಿತು. ಅಮೆರಿಕದಲ್ಲಿ ಇಂಜಿನಿಯರನಾಗಿರುವ ನನ್ನ ತಂಗಿಯ ಮಗನ ಧ್ವನಿ. ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ. ಎಂದರೆ ದಶಧರ್ಮಗಳಲ್ಲಿ ಒಂಬತ್ತನೆಯದಾದ ಉತ್ತಮ ಆಕಿಂಚನ್ಯದ ದಿನ. "ಮಾವ, ಈ ದಿನ ನನ್ನದು ಉಪವಾಸ. ಬೆಳಗಿನಿಂದ ಏನನ್ನೂ ಬಾಯಿಗಿಟ್ಟಿಲ್ಲ. ಆದರೂ ಉಪವಾಸ ಮಾಡಿದೆನೆಂದು ಹೇಳಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ" ಎಂದ. ಕಾರಣವೇನೆಂದು ಕೇಳಿದೆ.

ಆ ಸಂಜೆ ಕಚೇರಿಯಿಂದ ಹಿಂದಿರುಗುವಾಗ ಅವನು ಒಂದು ದೊಡ್ಡ ಅಂಗಡಿಗೆ ಹೋಗಿದ್ದನಂತೆ. ಮೂರು ತಿಂಗಳಿನಿಂದ ಹುಡುಕುತ್ತಿದ್ದ ಒಂದು ಗೊಂಬೆ, ಆ ಅಂಗಡಿಯ ಶಾಖೆಗಳಲ್ಲಲ್ಲದೆ ಬೇರೆಲ್ಲಿಯೂ ಮಾರಾಟಕ್ಕಿಲ್ಲದ್ದು, ಅಲ್ಲಿಯ ಕೊಕ್ಕೆಯಲ್ಲಿ ಒಂದೇ ಒಂದು ತೂಗುತ್ತಿತ್ತು. ಅದರ ಮುಂದೆ ಏಳೆಂಟು ವರ್ಷದ ಹುಡುಗನೊಬ್ಬ ತಂದೆಯ ಕೈಹಿಡಿದು ನಿಂತು, ಅದನ್ನೇ ಬೆರಳಿಟ್ಟು ತೋರಿಸುತ್ತಿದ್ದ. ತಂದೆ ಬೆಲೆಯ ಚೀಟಿಯನ್ನು ನೋಡುತ್ತಿದ್ದ. ನನ್ನ ಸೋದರಳಿಯ ಅವರಿಬ್ಬರ ಪಕ್ಕದಿಂದ ಕೈಚಾಚಿ ಅದನ್ನು ತೆಗೆದುಕೊಂಡು ಹಣ ತೆರುವ ಕಡೆಗೆ ನಡೆದುಬಿಟ್ಟ. ಹುಡುಗ ಅಳಲಿಲ್ಲ, ಖಾಲಿಯಾದ ಕೊಕ್ಕೆಯನ್ನು ನೋಡುತ್ತ ನಿಂತನಂತೆ, ಅಷ್ಟೇ.

"ಕಳವು ಮಾಡಲಿಲ್ಲ ಮಾವ, ಹಣ ಕೊಟ್ಟು ತಂದೆ. ನಾನು ಹಾಕಿಕೊಂಡ ಪರಿಮಾಣವನ್ನೂ ಮೀರಲಿಲ್ಲ. ಆದರೂ ನಾಳೆ ಪಾರಣೆಯ ತುತ್ತು ಗಂಟಲಿಗೆ ಇಳಿಯಲಾರದೆನಿಸುತ್ತದೆ. ನಾನು ಮಾಡಿದ ಈ ತಪ್ಪಿಗೆ ಹೆಸರೇನು?" ಎಂದು ಅವನು ಕೇಳಿದ. ಆ ಕ್ಷಣದಲ್ಲಿ ನನಗೆ ಉತ್ತರ ತೋರಲಿಲ್ಲ. ಯೋಚಿಸಿ ಹೇಳುತ್ತೇನೆಂದೆ. ಯೋಚಿಸಿದುದನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಗೊಂಬೆಯ ಮಾತೆಂದು ಹಗುರವಾಗಿ ಕಾಣಬಾರದಾಗಿ ವಿನಂತಿ. ವ್ರತಭಂಗಗಳು ಸಾಮಾನ್ಯವಾಗಿ ಇಂಥ ಸಣ್ಣ ವಸ್ತುಗಳ ಬಳಿಯೇ ಮೊದಲಾಗುತ್ತವೆ.

ಮೊದಲು ವಸ್ತುವಿನ ಪರಿಚಯ. ಅಮೆರಿಕದ ಚಿತ್ರಕಥೆಗಳಲ್ಲಿ ಸೂಪರ್‌ಹೀರೋಗಳೆಂಬ ಅತಿಮಾನುಷ ವೀರರುಂಟು. ೧೯೩೮ರಲ್ಲಿ ಸೂಪರ್‌ಮ್ಯಾನ್, ೧೯೩೯ರಲ್ಲಿ ಬ್ಯಾಟ್‌ಮ್ಯಾನ್, ೧೯೬೧ರಲ್ಲಿ ಫೆಂಟಾಸ್ಟಿಕ್ ಫೋರ್ ಎಂಬ ನಾಲ್ವರ ಕುಟುಂಬ, ೧೯೬೨ರಲ್ಲಿ ಸ್ಪೈಡರ್‌ಮ್ಯಾನ್, ಹೀಗೆ ಒಬ್ಬೊಬ್ಬರಾಗಿ ಇವರು ಅವತರಿಸಿದರು. ಇವರ ಗೊಂಬೆಗಳನ್ನು ಗೊಂಬೆಗಳೆಂದು ಕರೆಯುವುದಿಲ್ಲ. ೧೯೬೪ರಲ್ಲಿ ಹ್ಯಾಸ್‌ಬ್ರೋ ಎಂಬ ಸಂಸ್ಥೆ ಜಿ.ಐ. ಜೋ ಎಂಬ ಸೈನಿಕನ ಗೊಂಬೆಯನ್ನು ಮಾರುಕಟ್ಟೆಗೆ ತಂದಾಗ, ಗೊಂಬೆಯೆಂದರೆ ಗಂಡುಮಕ್ಕಳು ಕೊಳ್ಳಲಾರರೆಂದು ಎಣಿಸಿ ಅದಕ್ಕೆ 'ಆ್ಯಕ್ಷನ್ ಫಿಗರ್' ಎಂದು ಹೊಸ ಹೆಸರಿಟ್ಟಿತು. ಕೈಕಾಲುಗಳ ಕೀಲುಗಳನ್ನು ತಿರುಗಿಸಿ ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದಾದ ಪ್ಲಾಸ್ಟಿಕ್ ವಿಗ್ರಹವದು. ೧೯೭೨ರಿಂದ ಮೀಗೋ ಎಂಬ ಸಂಸ್ಥೆ ಎಂಟಂಗುಲದ ಸೂಪರ್‌ಹೀರೋಗಳನ್ನು ಬಟ್ಟೆ ತೊಡಿಸಿ ಮಾರಿತು. ೨೦೦೨ರಲ್ಲಿ ಟಾಯ್ ಬಿಜ್ ಎಂಬ ಸಂಸ್ಥೆ ಆರಂಗುಲದ 'ಮಾರ್ವೆಲ್ ಲೆಜೆಂಡ್ಸ್' ಎಂಬ ಮಾಲೆಯನ್ನು ಪ್ರಾರಂಭಿಸಿತು; ೨೦೦೭ರಿಂದ ಅದು ಹ್ಯಾಸ್‌ಬ್ರೋದ ಕೈಯಲ್ಲಿದೆ. ಇಂದು ಇವುಗಳನ್ನು ಕೊಳ್ಳುವವರಲ್ಲಿ ಮಕ್ಕಳಷ್ಟೇ ಅಲ್ಲ, ಮಕ್ಕಳ ತಂದೆಯರೂ ಬಹುಮಂದಿ ಇದ್ದಾರೆ.

ಈ ತಂದೆಯರನ್ನು ಕಂಡು ನಗುವುದು ಸುಲಭ. ಆದರೆ ನನ್ನ ಸೋದರಳಿಯನನ್ನು ಬಲ್ಲ ನಾನು ನಗಲಾರೆ. ಅವನು ಬಾಲ್ಯದಲ್ಲಿ ನಮ್ಮೂರಿನ ಬಾಡಿಗೆ ಪುಸ್ತಕದಂಗಡಿಯಲ್ಲಿ ಎಕ್ಸ್‌-ಮೆನ್ ಎಂಬ ತಂಡದ ಚಿತ್ರಕಥೆಗಳನ್ನು ಓದಿದವನು. ಜಗತ್ತು ತಮ್ಮನ್ನು ದ್ವೇಷಿಸಿದರೂ ಜಗತ್ತನ್ನು ಕಾಪಾಡುವವರ ಕಥೆಯದು. ಪರದೇಶದಲ್ಲಿ ಒಬ್ಬಂಟಿಯಾಗಿದ್ದ ಮೊದಲ ವರ್ಷಗಳಲ್ಲಿ ಆ ತಂಡದ ಒಂದು ಗೊಂಬೆಯನ್ನು ಕೊಂಡು ಮೇಜಿನ ಮೇಲಿಟ್ಟುಕೊಂಡನಂತೆ. ಬಾಲ್ಯದ ಒಂದು ತುಣುಕು ಕೈಗೆ ಸಿಕ್ಕಿದಂತಾಯಿತು ಎಂದು ಆಗ ಬರೆದಿದ್ದ. ಅಲ್ಲಿಯವರೆಗೆ ಅದು ಪರಿಗ್ರಹಕ್ಕಿಂತ ನೆನಪಿಗೇ ಹೆಚ್ಚು ಹತ್ತಿರವಾಗಿತ್ತು.

ಗೊಂಬೆಗಳು ಹೆಚ್ಚತೊಡಗಿದಾಗ ಅವನೇ ಎಚ್ಚೆತ್ತು ಒಂದು ಮಿತಿಯನ್ನು ಹಾಕಿಕೊಂಡ. ಒಂದೇ ತಂಡ, ಒಂದೇ ಅಳತೆ, ಒಂದೇ ಕಪಾಟು, ಒಟ್ಟು ಅರವತ್ತು. ಅದಕ್ಕಿಂತ ಒಂದೂ ಹೆಚ್ಚಿಲ್ಲ. ಇದನ್ನು ನನಗೆ ತಿಳಿಸಿ, "ಪರಿಗ್ರಹ ಪರಿಮಾಣವೆಂದರೆ ಇದೇ ತಾನೇ ಮಾವ?" ಎಂದಿದ್ದ. ಹೌದೆಂದು ನಾನೂ ಮೆಚ್ಚಿ ಬರೆದಿದ್ದೆ. ಮೊನ್ನೆ ಕೈಗೆ ಬಂದದ್ದು ಅರವತ್ತನೆಯದು. ಲೆಕ್ಕದ ಪ್ರಕಾರ ವ್ರತ ನಿರ್ದೋಷ. ದೋಷವೆಲ್ಲಿ ಹೊಕ್ಕಿತೆಂದು ತಿಳಿಯಬೇಕಾದರೆ ಆ ಅರವತ್ತನೆಯ ಗೊಂಬೆ ಎಂಥದೆಂಬುದನ್ನು ನೋಡಬೇಕು.

ಅದು ಒಂದೇ ಅಂಗಡಿಗೆ ಮೀಸಲಾದ ಗೊಂಬೆ. ಅಲ್ಲಿಯವರು ಇದನ್ನು 'ಎಕ್ಸ್‌ಕ್ಲೂಸಿವ್' ಎನ್ನುತ್ತಾರೆ. ತಯಾರಕರು ಒಂದು ಮಾಲೆಯ ಬಹುಪಾಲು ಗೊಂಬೆಗಳನ್ನು ಎಲ್ಲ ಅಂಗಡಿಗಳಿಗೂ ಕೊಡುತ್ತಾರೆ. ಒಂದೆರಡನ್ನು ಮಾತ್ರ ಒಬ್ಬ ವರ್ತಕನಿಗೇ ಕೊಡುತ್ತಾರೆ. ಈ ಪದ್ಧತಿ ಹೊಸದಲ್ಲ. ೧೯೭೪ರಲ್ಲಿಯೇ ಮೀಗೋ ಸಂಸ್ಥೆ ಮಾಂಟ್ಗೊಮೆರಿ ವಾರ್ಡ್ ಎಂಬ ಹಳೆಯ ವ್ಯಾಪಾರ ಸಂಸ್ಥೆಗಾಗಿ ನಾಲ್ಕು ಗೊಂಬೆಗಳನ್ನು ಮಾಡಿಕೊಟ್ಟಿತು. ಅವು ಯಾವ ವೀರರವು ಬಲ್ಲಿರಾ? ಕ್ಲಾರ್ಕ್ ಕೆಂಟ್, ಬ್ರೂಸ್ ವೇಯ್ನ್, ಪೀಟರ್ ಪಾರ್ಕರ್, ಡಿಕ್ ಗ್ರೇಸನ್; ಎಂದರೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ರಾಬಿನ್ ಇವರು ತಮ್ಮ ವೀರವೇಷವನ್ನು ಕಳಚಿ ಸಾಮಾನ್ಯ ಉಡುಪಿನಲ್ಲಿರುವಾಗಿನ ರೂಪಗಳು. ಹಾರಲಾರದ, ಮುಸುಕಿಲ್ಲದ, ಬೀದಿಯಲ್ಲಿ ನಡೆಯುವ ಯಾರಂತೆಯೋ ಕಾಣುವ ಆ ನಾಲ್ವರೇ ಇಂದು ಆ ಇಡೀ ಮಾಲೆಯಲ್ಲಿ ಅತ್ಯಂತ ದುರ್ಲಭರೆಂದು ಎಣಿಸಲ್ಪಟ್ಟು ಬಹುಬೆಲೆಗೆ ಹೋಗುತ್ತಾರೆ. ಸಾಮಾನ್ಯ ಮನುಷ್ಯನಲ್ಲಿ ಇಂಥ ದೊಡ್ಡ ಬೆಲೆ ಹುಟ್ಟಿದ್ದು ಅವನ ಗುಣದಿಂದಲ್ಲ, ಅವನನ್ನು ಎಲ್ಲಿ ಮಾರಲಿಲ್ಲ ಎಂಬುದರಿಂದ.

ಮುಂದೆ ಪದ್ಧತಿ ಬೆಳೆಯಿತು. ೨೦೦೫ರಲ್ಲಿ ಮಾರ್ವೆಲ್ ಲೆಜೆಂಡ್ಸ್ ಮಾಲೆಯಲ್ಲಿ ಒಂದು ಹೊಸ ಉಪಾಯ ಬಂತು. ಗೆಲಾಕ್ಟಸ್ ಎಂಬ ದೈತ್ಯನ ಒಂದೊಂದು ಅಂಗವನ್ನು ಒಂದೊಂದು ಗೊಂಬೆಯ ಪೆಟ್ಟಿಗೆಯಲ್ಲಿಟ್ಟು, ಅಷ್ಟನ್ನೂ ಕೊಂಡವನು ಮಾತ್ರ ದೈತ್ಯನನ್ನು ಜೋಡಿಸಬಹುದಾದಂತೆ ಮಾಡಿದರು. ಒಂದನ್ನು ಬಿಟ್ಟವನಿಗೆ ಕೈಯಿಲ್ಲದ ದೈತ್ಯ. ೨೦೦೮ರಲ್ಲಿ ಮ್ಯಾಟೆಲ್ ಸಂಸ್ಥೆ ತನ್ನ ಡಿಸಿ ಯೂನಿವರ್ಸ್ ಕ್ಲಾಸಿಕ್ಸ್ ಮಾಲೆಯಲ್ಲಿ ಇದೇ ಉಪಾಯವನ್ನು ಅನುಸರಿಸಿ, ಐದನೆಯ ಕಂತನ್ನು ಇಡಿಯಾಗಿ ವಾಲ್‌ಮಾರ್ಟ್ ಅಂಗಡಿಗಳಿಗೇ ಮೀಸಲಿಟ್ಟಿತು. ಅದರಲ್ಲಿ ಜೋಡಿಸಬೇಕಾದ ಮೆಟಾಲೋ ಎಂಬ ಖಳನ ಅಂಗಾಂಗಗಳೆಲ್ಲ ಆ ಒಂದೇ ಅಂಗಡಿಯ ಪಾಲಾದವು. ಸುಮಾರು ೨೦೧೬ರಿಂದ ೨೦೧೮ರ ಅವಧಿಯಲ್ಲಿ ಫೆಂಟಾಸ್ಟಿಕ್ ಫೋರ್ ಕುಟುಂಬದ ನಾಲ್ವರೂ ವಾಲ್‌ಗ್ರೀನ್ಸ್ ಎಂಬ ಸಂಸ್ಥೆಗೆ ಮೀಸಲಾಗಿ ಬಂದರು. ವಾಲ್‌ಗ್ರೀನ್ಸ್ ಎಂದರೆ ಔಷಧದ ಅಂಗಡಿ! ಸಂಗ್ರಾಹಕರು ಕೆಮ್ಮಿನ ಔಷಧದ ಸಾಲುಗಳ ನಡುವೆ 'ಅದೃಶ್ಯ ಮಹಿಳೆ' ಎಂಬ ವೀರಾಂಗನೆಯನ್ನು ಹುಡುಕಿ ಊರೂರು ಸುತ್ತಿದರು.

ತಯಾರಕರು ಹೀಗೇಕೆ ಮಾಡುತ್ತಾರೆ? ಕೇವಲ ದುರಾಶೆಯೆಂದರೆ ಅನ್ಯಾಯವಾದೀತು. ಗೊಂಬೆಯೊಂದರ ಉಕ್ಕಿನ ಅಚ್ಚನ್ನು ಕೊರೆಯಲು ಬಹಳ ಹಣ ಬೇಕು. ಮಾಡಿದ ಗೊಂಬೆ ಮಾರಾಟವಾಗದಿದ್ದರೆ ನಷ್ಟ. ಒಬ್ಬ ದೊಡ್ಡ ವರ್ತಕ ಇಷ್ಟು ಸಾವಿರವನ್ನು ನಾನೇ ಕೊಳ್ಳುತ್ತೇನೆಂದು ಮೊದಲೇ ಮಾತುಕೊಟ್ಟರೆ ಆ ಭಯ ತಪ್ಪುತ್ತದೆ. ಹಳೆಯ ಅಚ್ಚಿಗೆ ಹೊಸ ಬಣ್ಣ ಬಳಿದು ಬೇರೊಂದು ಗೊಂಬೆಯೆನಿಸಬಹುದು. ವರ್ತಕನಿಗೂ ಲಾಭವುಂಟು: ಗೊಂಬೆಯನ್ನು ಅರಸಿ ಬಂದವನು ಬರಿಗೈಯಲ್ಲಿ ಹೋಗದೆ ಸಾಬೂನನ್ನೋ ಬ್ರೆಡ್ಡನ್ನೋ ಕೊಂಡು ಹೋಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾದ ಲಾಭ ಮತ್ತೊಂದು. ಬೇರೆಲ್ಲಿಯೂ ಇಲ್ಲದ ವಸ್ತುವಿನ ಬೆಲೆಯನ್ನು ಯಾರೂ ಹೋಲಿಸಿ ನೋಡಲಾರರು. ಟಾಯ್ಸ್ ಆರ್ ಅಸ್ ಎಂಬ ಪ್ರಖ್ಯಾತ ಆಟಿಕೆ ವರ್ತಕ ಸಂಸ್ಥೆ, ಅಗ್ಗದ ಸಗಟು ಮಳಿಗೆಗಳಿಗೆ ತನ್ನಲ್ಲಿರುವಂಥ ಸರಕನ್ನೇ ಕೊಡದೆ, ಬೆಲೆಯನ್ನು ಹೋಲಿಸಲು ಬಾರದ ವಿಶೇಷ ಕಟ್ಟುಗಳನ್ನು ಮಾತ್ರ ಕೊಡುವಂತೆ ತಯಾರಕರನ್ನು ಒತ್ತಾಯಿಸಿತೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ೧೯೯೮ರಲ್ಲಿ ತೀರ್ಮಾನಿಸಿತು. ೨೦೦೦ದಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ಸಂಸ್ಥೆ ದಿವಾಳಿಯಾಗಿ ೨೦೧೮ರಲ್ಲಿ ಅಮೆರಿಕದ ತನ್ನ ಅಂಗಡಿಗಳನ್ನೆಲ್ಲ ಮುಚ್ಚಬೇಕಾಯಿತು.

ಇಲ್ಲಿ ಒಂದು ಶಬ್ದದತ್ತ ವಾಚಕರ ಗಮನವನ್ನು ಸೆಳೆಯಬಯಸುತ್ತೇನೆ. ಈ ವ್ಯಾಪಾರದ ಮುಖ್ಯ ಶಬ್ದ 'ಪರಿಮಿತ' ಎಂಬುದು. ಪರಿಮಿತ ಸಂಖ್ಯೆ, ಪರಿಮಿತ ಕಾಲ, ಪರಿಮಿತ ಆವೃತ್ತಿ. ನಮ್ಮ ಐದನೆಯ ಅಣುವ್ರತದ ಹೆಸರೂ ಪರಿಮಿತ ಪರಿಗ್ರಹವೇ. ಎರಡೂ ಕಡೆ ಶಬ್ದ ಒಂದೇ. ಎರಡೂ ಕಡೆ ಒಂದು ಗೆರೆಯನ್ನು ಎಳೆಯಲಾಗುತ್ತದೆ. ಆದರೆ ವರ್ತಕನು ವಸ್ತುವಿಗೆ ಮಿತಿ ಹಾಕಿದಾಗ ಕೊಳ್ಳುವವನ ಆಸೆ ಮಿತಿ ಮೀರುತ್ತದೆ. ಶ್ರಾವಕನು ತನ್ನ ಆಸೆಗೆ ಮಿತಿ ಹಾಕಿಕೊಂಡಾಗ, ಲೋಕದಲ್ಲಿ ವಸ್ತು ಹತ್ತಿದ್ದರೂ ಹತ್ತು ಸಾವಿರವಿದ್ದರೂ ಅವನಿಗೆ ಒಂದೇ. ಆದ್ದರಿಂದ ಮಿತಿ ಎಷ್ಟೆಂದು ಕೇಳುವ ಮೊದಲು, ಅದನ್ನು ಹಾಕಿದವರು ಯಾರು, ಯಾವುದಕ್ಕೆ ಹಾಕಿದರು ಎಂದು ಕೇಳಬೇಕು.

ನನ್ನ ಸೋದರಳಿಯ ಅರವತ್ತು ಎಂಬ ಅಂಕೆಯನ್ನು ತಾನೇ ಹಾಕಿಕೊಂಡ, ನಿಜ. ಆದರೆ ಆ ಅರವತ್ತರಲ್ಲಿ ಯಾವ ಯಾವ ಗೊಂಬೆಗಳಿರಬೇಕೆಂದು ಗೊತ್ತುಮಾಡಿದವರು ಯಾರು? ತಂಡದಲ್ಲಿ ಇಂತಿಂಥವರಿದ್ದರೆ ಪೂರ್ಣ, ಇವನಿಲ್ಲದಿದ್ದರೆ ಅಪೂರ್ಣ ಎಂಬ ಪಟ್ಟಿ ತಯಾರಕನದು. ಕೊನೆಯವನನ್ನು ಎಲ್ಲಿ, ಎಂದು, ಎಷ್ಟು ಮಂದಿಗೆ ಮಾರಬೇಕೆಂಬ ನಿರ್ಧಾರ ವರ್ತಕನದು. ಪಾತ್ರೆಯ ಅಳತೆ ಇವನದಾದರೂ ಅದು ತುಂಬಿತೆಂದು ಹೇಳುವ ಅಧಿಕಾರ ಬೇರೆಯವರ ಕೈಸೇರಿತ್ತು. ಐವತ್ತೊಂಬತ್ತು ಗೊಂಬೆಗಳು ಕಣ್ಣಮುಂದೆ ನಿಂತಿದ್ದರೂ ಅವನಿಗೆ ಕಾಣುತ್ತಿದ್ದದ್ದು ಒಂದು ಖಾಲಿ ಜಾಗ ಮಾತ್ರ.

ಈ ತಪ್ಪಿನಲ್ಲಿ ನನಗೂ ಪಾಲಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ವಸ್ತುಗಳಿಗೆ ಅಳತೆಯನ್ನು ಗೊತ್ತುಮಾಡಿ, ಅದಕ್ಕಿಂತ ಹೆಚ್ಚಿನದರಲ್ಲಿ ನಿಃಸ್ಪೃಹನಾಗಿರುವುದೇ ವ್ರತದ ಲಕ್ಷಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ಮೂರ್ಛೆ, ಎಂದರೆ ಮಮತೆಯ ಮಂಕು, ಎಂದೇ ನಿರೂಪಿಸಿದ್ದಾರೆ. ನಾನು ಸೋದರಳಿಯನ ಗೊಂಬೆಗಳನ್ನು ಎಣಿಸಿ ಮೆಚ್ಚಿದೆ. ಇಚ್ಛೆಯ ಅಳತೆಯನ್ನು ಕೇಳಲಿಲ್ಲ. ಎಣಿಸಲು ಬರುವುದನ್ನೇ ಎಣಿಸಿ ತೃಪ್ತರಾಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗುಂಟು. ನನ್ನ ಬೀರುವಿನಲ್ಲಿಯೂ ಮೂರು ಸಂಪುಟಗಳ ಒಂದು ಗ್ರಂಥವಿದೆ. ಮೂರನೆಯದು ದೊರೆಯದೆ ಹಲವು ವರ್ಷ ಪುಸ್ತಕದಂಗಡಿಗಳಿಗೆ ಪತ್ರ ಬರೆದಿದ್ದೇನೆ. ಮೊದಲೆರಡನ್ನು ಓದಿ ಮುಗಿಸಿದ್ದೇನೆಯೇ ಎಂದು ಯಾರಾದರೂ ಕೇಳಿದ್ದರೆ ತಲೆತಗ್ಗಿಸಬೇಕಾಗುತ್ತಿತ್ತು.

ಹಾಗಾದರೆ ಮನಸ್ಸು ಮಂಕಾಗುವುದು ಯಾವುದಕ್ಕಾಗಿ? ಪ್ಲಾಸ್ಟಿಕ್ಕಿಗಾಗಿ ಅಲ್ಲವೆಂಬುದು ಸ್ಪಷ್ಟ. ಅದೇ ಅಚ್ಚಿನ, ಬಣ್ಣ ಮಾತ್ರ ಬೇರೆಯಾದ ಗೊಂಬೆ ಎಲ್ಲ ಅಂಗಡಿಗಳಲ್ಲಿ ಧೂಳು ತಿನ್ನುತ್ತಿರುವಾಗಲೂ ಮೀಸಲಾದ ಬಣ್ಣದ್ದಕ್ಕಾಗಿ ಜನ ಪರದಾಡುತ್ತಾರೆ. ಅಮೆರಿಕದ ಒಂದು ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ಆಮದು ಸುಂಕದ ನಿಯಮದಲ್ಲಿ ಮನುಷ್ಯನನ್ನು ಪ್ರತಿನಿಧಿಸುವ ಗೊಂಬೆಗೆ ಶೇಕಡ ೧೨ರ ಸುಂಕ, ಇತರ ಆಟಿಕೆಗಳಿಗೆ ಶೇಕಡ ೬.೮ರ ಸುಂಕ ಇದ್ದಿತು. ಎಕ್ಸ್‌-ಮೆನ್ ಮೊದಲಾದವರು ಮನುಷ್ಯರಲ್ಲ, ಆದ್ದರಿಂದ ಇವು ಬರಿಯ ಆಟಿಕೆಗಳೆಂದು ಟಾಯ್ ಬಿಜ್ ಸಂಸ್ಥೆ ವಾದಿಸಿತು. ೨೦೦೩ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಅದನ್ನು ಒಪ್ಪಿತು. ವಸ್ತುವಿನಲ್ಲಿ ಒಂದು ಕಣವೂ ಬದಲಾಗದೆ ಹೆಸರು ಬದಲಾದ ಮಾತ್ರಕ್ಕೆ ಸುಂಕ ಅರ್ಧದ ಹತ್ತಿರಕ್ಕೆ ಇಳಿಯಿತು. ಹೆಸರಿನಿಂದ ಇಳಿದುದು ಹೆಸರಿನಿಂದ ಏರಲಾರದೇ? 'ಮೀಸಲು' ಎಂಬ ಒಂದು ಚೀಟಿ ಪೆಟ್ಟಿಗೆಯ ಮೇಲೆ ಬಿದ್ದೊಡನೆ ಮನಸ್ಸು ತನ್ನಲ್ಲಿರುವ ಬೆಲೆಯನ್ನು ತೆಗೆದು ವಸ್ತುವಿನಲ್ಲಿಡುತ್ತದೆ. ಬಳಿಕ ಅದು ವಸ್ತುವಿನದೇ ಎಂದು ನಂಬುತ್ತದೆ.

ಈ ಬೇಟೆಯಲ್ಲಿ ತೊಡಗಿದವರ ದಿನಚರಿಯನ್ನು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಅಂಗಡಿ ತೆರೆಯುವ ಮೊದಲೇ ಚಳಿಯಲ್ಲಿ ಬಾಗಿಲ ಮುಂದೆ ನಿಲ್ಲುತ್ತಾರೆ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಮೂರು ಅಂಗಡಿಗಳನ್ನು ಸುತ್ತುತ್ತಾರೆ. ನಡುರಾತ್ರಿಯಲ್ಲಿ ಎದ್ದು ಗಣಕಯಂತ್ರದ ಮುಂದೆ ಕುಳಿತು, ಮಾರಾಟ ಮೊದಲಾದ ನಿಮಿಷದಲ್ಲಿಯೇ ಮುಗಿದುದನ್ನು ಕಂಡು ಮರಳಿ ಮಲಗುತ್ತಾರೆ. ಸ್ಯಾನ್ ಡಿಯಾಗೋ ನಗರದಲ್ಲಿ ವರ್ಷವರ್ಷವೂ ಸೇರುವ ಕಾಮಿಕ್ಸ್ ಸಮ್ಮೇಳನದಲ್ಲಿ ಮಾತ್ರ ಸಿಗುವ ಗೊಂಬೆಗಾಗಿ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವವರುಂಟು. ಹಸಿವು, ಜಾಗರಣೆ, ಶೀತ, ನಿಯಮ, ದೀರ್ಘಕಾಲದ ಸಹನೆ! ಹೊರಗಿನಿಂದ ನೋಡಿದರೆ ನೋಂಪಿ ಹಿಡಿದವರಿಗೂ ಇವರಿಗೂ ಭೇದ ತಿಳಿಯದು. ಕಾಯಕ್ಲೇಶವುಂಟು, ತಪಸ್ಸಿಲ್ಲ. ಏಕೆಂದರೆ ಆ ಹಸಿವಿನುದ್ದಕ್ಕೂ ಚಿತ್ತದಲ್ಲಿ ನಡೆದಿರುವುದು ಆರ್ತಧ್ಯಾನ. ಇಷ್ಟವಿಯೋಗದ ದುಃಖವೆಂದರೆ ಸಾಮಾನ್ಯವಾಗಿ ಇದ್ದುದು ಅಗಲಿದಾಗಿನ ದುಃಖ. ಇಲ್ಲಿ ಎಂದೂ ತನ್ನದಾಗಿರದ ವಸ್ತುವಿನ ವಿಯೋಗ.

ಸಮಂತಭದ್ರರು ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭ ಎಂಬುವನ್ನು ನಾವು ಸುಲಭವಾಗಿ ಗುರುತಿಸುತ್ತೇವೆ. ಅವುಗಳ ನಡುವೆ ವಿಸ್ಮಯವೆಂಬುದೂ ಒಂದಿದೆ. ಪರರಿಗೆ ಹೆಚ್ಚಿನ ಲಾಭ ಬಂದುದನ್ನು ಕಂಡು ಬೆರಗಾಗಿ ಕುದಿಯುವುದೆಂದು ಅದರ ಭಾವ. ಬೆರಗಿನಲ್ಲಿ ಏನು ಪಾಪವೆಂದು ನನಗೆ ಹಿಂದೆ ಸಂಶಯವಿತ್ತು. ಮತ್ತೊಬ್ಬ ಸಂಗ್ರಾಹಕ ತನಗೆ ದೊರೆತ ಮೀಸಲು ಗೊಂಬೆಯ ಚಿತ್ರವನ್ನು ಎಲ್ಲರಿಗೂ ತೋರಿಸಿದಾಗ, ಕಪಾಟಿನಲ್ಲಿದ್ದ ಐವತ್ತೊಂಬತ್ತೂ ತನಗೆ ಒಮ್ಮೆಗೇ ಬೆಳಕುಗುಂದಿದಂತೆ ಕಂಡವೆಂದು ಸೋದರಳಿಯ ಹೇಳಿದ ಮೇಲೆ ಆ ಸಂಶಯ ಹೋಯಿತು.

ಈ ಹಾದಿಯಲ್ಲಿ ಇನ್ನೂ ಮುಂದೆ ಹೋದವರುಂಟು. ಬಾಗಿಲು ತೆರೆದೊಡನೆ ಇದ್ದಷ್ಟನ್ನೂ ಬಾಚಿಕೊಂಡು ಎರಡು ಮೂರು ಪಟ್ಟು ಬೆಲೆಗೆ ಮಾರುವವರು ಕೆಲವರು. ಹೊಸ ಗೊಂಬೆಯನ್ನು ಕೊಂಡು, ಪೆಟ್ಟಿಗೆಯಲ್ಲಿ ಯಾವುದೋ ಹಳೆಯ ಗೊಂಬೆಯನ್ನು ತುಂಬಿ, ಬೇಡವಾಯಿತೆಂದು ಅಂಗಡಿಗೆ ಹಿಂದಿರುಗಿಸಿ ಹಣ ಪಡೆಯುವವರು ಮತ್ತೆ ಕೆಲವರು. ಇದು ಪ್ರತಿರೂಪಕ ವ್ಯವಹಾರ. ಅಚೌರ್ಯವ್ರತದ ಅತಿಚಾರವೆಂದು ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಕಲಿಯುತ್ತಾರೆ. ಆದರೆ ನನ್ನ ಸೋದರಳಿಯ ಇವರಲ್ಲಿ ಯಾರೂ ಅಲ್ಲ. ಆದುದರಿಂದಲೇ ಅವನ ಪ್ರಶ್ನೆ ಕಠಿಣವಾದದ್ದು.

ಈಗ ಆ ಹುಡುಗನ ಬಳಿಗೆ ಹಿಂದಿರುಗೋಣ. ಇನ್ನೂ ಯಾರದೂ ಅಲ್ಲದ, ಮಾರಾಟಕ್ಕಿಟ್ಟ ಸರಕನ್ನು ಮೊದಲು ಕೈಗೆತ್ತಿಕೊಂಡವನು ಬೆಲೆ ತೆತ್ತು ಕೊಳ್ಳುವುದು ನ್ಯಾಯವೇ. ಕೊಡದುದನ್ನು ಕೊಳ್ಳುವುದು ಕಳವು. ಇಲ್ಲಿ ಅಂಗಡಿಯವನು ಕೊಟ್ಟಿದ್ದಾನೆ. ಹುಡುಗ ಕೈಚಾಚುವ ಮೊದಲು ಇವನು ಚಾಚಿದ. ಲೋಕನ್ಯಾಯ ಇಷ್ಟಕ್ಕೆ ನಿಲ್ಲುತ್ತದೆ. ಅವನ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲವೆಂಬುದು ಅವನ ಪುಣ್ಯ.

ನನಗೆ ತೋರುವುದು ಹೀಗೆ. ಆ ಗೊಂಬೆ ಅವನ ಕೈಗೆ ಬಂದದ್ದು ಆ ಸಂಜೆ. ಅವನ ಮನಸ್ಸಿಗೆ ಬಂದದ್ದು ಮೂರು ತಿಂಗಳ ಹಿಂದೆ. ಅಂದಿನಿಂದಲೇ ಅದು ಅವನಿಗೆ 'ನನ್ನದು' ಆಗಿತ್ತು. ಹೀಗಾಗಿ ಅಂಗಡಿಯಲ್ಲಿ ಹುಡುಗನನ್ನು ಕಂಡಾಗ ಅವನಿಗೆ ಕಂಡದ್ದು ಒಂದು ಮಗುವಲ್ಲ, ತನ್ನ ಸೊತ್ತಿಗೆ ಕೈಯಿಡಲು ಬಂದ ಒಬ್ಬ ಪ್ರತಿಸ್ಪರ್ಧಿ. ಗಳಿಸಿದುದನ್ನು ಕಾಪಾಡುವ ಚಿಂತೆಯಿಂದ ಹುಟ್ಟುವ ಕ್ರೌರ್ಯವನ್ನು ಶಾಸ್ತ್ರ ರೌದ್ರಧ್ಯಾನದಲ್ಲಿ ಎಣಿಸುತ್ತದೆ. ಇವನು ಗಳಿಸದಿದ್ದುದನ್ನೇ ಕಾಪಾಡಹೊರಟಿದ್ದ. ಅದೂ ಯಾರಿಂದ? ಆಟಿಕೆಯನ್ನು ಆಟಕ್ಕಾಗಿಯೇ ಬಯಸಿದ ಒಬ್ಬ ಬಾಲಕನಿಂದ. ಇವನು ಅದನ್ನು ಕಪಾಟಿನಲ್ಲಿ ನಿಲ್ಲಿಸುತ್ತಿದ್ದ, ಅವನು ಆಡುತ್ತಿದ್ದ. ದುರ್ಬಲರನ್ನು ಕಾಪಾಡುವ ವೀರನ ಪ್ರತಿಮೆಗಾಗಿ ದುರ್ಬಲನೊಬ್ಬನನ್ನು ಸರಿಸಿಬಿಟ್ಟುದು ಅವನಿಗೆ ಹೊಳೆದದ್ದು ಮನೆಗೆ ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಾಗ.

ಆದ್ದರಿಂದ ಅವನ ತಪ್ಪಿಗೆ ಹೆಸರು ಚೌರ್ಯವಲ್ಲ, ಅತಿಸಂಗ್ರಹವೂ ಅಲ್ಲ, ಮೂರ್ಛೆ. ಸಂಖ್ಯೆಯ ಒಳಗಿದ್ದುಕೊಂಡೇ ಮೂರ್ಛಿತನಾಗಬಹುದೆಂಬುದು ನಾವಿಬ್ಬರೂ ಕಲಿತ ಪಾಠ. ಒಂದು ವಸ್ತುವಿನ ಮಮತೆ ಎದುರಿಗಿರುವ ಜೀವವನ್ನು ಕಾಣದಂತೆ ಮಾಡಿದರೆ, ಅದು ಒಂದೇ ವಸ್ತುವಾದರೂ ಅತಿಯಾದ ಪರಿಗ್ರಹವೇ ಸರಿ. ಅಪರಿಗ್ರಹ ಅಹಿಂಸೆಯ ಬೇಲಿಯೆಂದು ಹಿರಿಯರು ಹೇಳುವುದರ ಅರ್ಥ ಇದೇ ಇರಬೇಕು.

ಹಾಗೆಂದು ಸಂಗ್ರಹವೆಲ್ಲ ಪಾಪವೆಂದು ನಾನು ಹೇಳಲಾರೆ. ಗೃಹಸ್ಥನ ವ್ರತ ಅಣುವ್ರತ. ಅವನು ಕಪಾಟನ್ನೇ ಸುಡಬೇಕಾಗಿಲ್ಲ. ಆ ಮೊದಲ ಗೊಂಬೆ ಪರದೇಶದಲ್ಲಿ ಅವನಿಗೆ ಕೊಟ್ಟ ಸಮಾಧಾನ ಸುಳ್ಳಲ್ಲ. ಪ್ರಶ್ನೆ ಇರುವುದು ಕೊನೆಯದನ್ನು ಕುರಿತು.

ನೋಂಪಿಗೂ ಈ ಬೇಟೆಗೂ ಹೊರನೋಟದಲ್ಲಿ ಭೇದವಿಲ್ಲವೆಂದೆನಷ್ಟೆ. ಒಂದು ಭೇದ ಮಾತ್ರ ಎದ್ದು ಕಾಣುತ್ತದೆ. ಅನಂತನೋಂಪಿಯನ್ನು ಹಿಡಿದವರು ೧೪ ವರ್ಷ ನಡೆಸಿ ಉದ್ಯಾಪನೆ ಮಾಡುತ್ತಾರೆ. ಹೆಸರು ಅನಂತ, ಅವಧಿಗೆ ಅಂತವುಂಟು. ಎಲ್ಲ ನೋಂಪಿಗಳಿಗೂ ಹಿಡಿದ ದಿನವಿರುವಂತೆ ಮುಗಿಸುವ ದಿನವೂ ಇದೆ. ಅಂದು ಪೂಜೆ ಮಾಡಿ, ದಾನ ಕೊಟ್ಟು, ಇಲ್ಲಿಗೆ ಪೂರ್ಣವಾಯಿತೆಂದು ಹೇಳುವವನು ವ್ರತಿಯೇ ಹೊರತು ಅನ್ಯನಲ್ಲ. ಗೊಂಬೆಯ ಬೇಟೆ ಉದ್ಯಾಪನೆಯಿಲ್ಲದ ನೋಂಪಿ. ಅದನ್ನು ಮುಗಿಸುವ ದಿನ ವರ್ತಕನ ಕೈಯಲ್ಲಿದೆ. ಅವನು ಅದನ್ನು ಎಂದೂ ಬರಗೊಡುವುದಿಲ್ಲ. ಅರವತ್ತನೆಯದು ಬಂದ ಮರುತಿಂಗಳೇ ಅದೇ ವೀರನ ಬೇರೊಂದು ಬಣ್ಣದ ಗೊಂಬೆ ಬೇರೊಂದು ಅಂಗಡಿಗೆ ಮೀಸಲಾಗಿ ಬರುತ್ತದೆ.

ಇದನ್ನೇ ಸೋದರಳಿಯನಿಗೆ ತಿಳಿಸಿದೆ. "ಗೊಂಬೆಗಳನ್ನು ಬಿಡು ಎನ್ನುವುದಿಲ್ಲಪ್ಪ. ಆದರೆ ಉದ್ಯಾಪನೆಯನ್ನು ನೀನೇ ಮಾಡು. ಐವತ್ತೊಂಬತ್ತಕ್ಕೆ ಪೂರ್ಣವಾಯಿತೆಂದು ನಿನ್ನ ಬಾಯಿಂದಲೇ ಹೇಳು" ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅರವತ್ತೊಂದಕ್ಕೆ ನಿಲ್ಲಿಸೆಂದಿದ್ದರೆ ಸುಲಭವಾಗಿತ್ತು ಮಾವ" ಎಂದು ನಕ್ಕ.

ಮರುವಾರ ಅವನು ಪೆಟ್ಟಿಗೆಯನ್ನು ಒಡೆಯದೆ ಅದೇ ಅಂಗಡಿಗೆ ಹಿಂದಿರುಗಿಸಿದ. ಹುಡುಗನನ್ನು ಹುಡುಕುವ ದಾರಿ ಇರಲಿಲ್ಲ. ಕೊಕ್ಕೆಗೆ ಮರಳಿದ ಆ ಗೊಂಬೆಯನ್ನು ಅವನಂಥ ಒಬ್ಬ ಬಾಲಕ ಕೊಂಡನೋ, ಎರಡರಷ್ಟು ಬೆಲೆಗೆ ಮಾರುವವನು ಕೊಂಡನೋ ತಿಳಿಯದು. ಹಿಂದಿರುಗಿಸಿದ ಮಾತ್ರಕ್ಕೆ ಆ ಸಂಜೆ ಅಳಿಸಿಹೋಗಲಿಲ್ಲವೆಂದು ಅವನೂ ಬಲ್ಲ, ನಾನೂ ಬಲ್ಲೆ. ಪ್ರತಿಕ್ರಮಣ ಮಾಡಿದವನಿಗೆ ಆಗಿಹೋದುದು ಆಗಲೇ ಇಲ್ಲವೆಂಬ ಭ್ರಮೆ ಇರುವುದಿಲ್ಲ. ಮುಂದೆ ಆಗಬಾರದೆಂಬ ನಿಶ್ಚಯ ಮಾತ್ರ ಇರುತ್ತದೆ.

ಕಪಾಟಿನಲ್ಲಿ ಅರವತ್ತನೆಯದರ ಜಾಗ ಈಗಲೂ ಖಾಲಿಯಿದೆಯಂತೆ. ಉಳಿದವನ್ನು ಸ್ವಲ್ಪ ಸ್ವಲ್ಪ ಸರಿಸಿ ಆ ತೆರವನ್ನು ಮುಚ್ಚಿಬಿಡಬಹುದಾಗಿತ್ತು. ಬೇಕೆಂದೇ ಹಾಗೆ ಮಾಡಿಲ್ಲ. "ಕೆಲವು ದಿನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಕೆಲವು ದಿನ ಹೋಗುವುದಿಲ್ಲ" ಎಂದು ಮೊನ್ನೆ ತಿಳಿಸಿದ. ಹೋಗದ ದಿನಗಳು ಹೆಚ್ಚಲೆಂದು ಹಾರೈಸಿದೆ. ಅಂದೇ ನಾನೂ ಬೀರುವನ್ನು ತೆರೆದು, ಮೂರನೆಯ ಸಂಪುಟಕ್ಕಾಗಿ ಬರೆದಿಟ್ಟಿದ್ದ ಪತ್ರವನ್ನು ಹರಿದುಹಾಕಿ, ಮೊದಲನೆಯ ಸಂಪುಟವನ್ನು ಓದಲು ಕುಳಿತೆ.